ಮೀನಿನ ತಲೆ ನನಗೇ ಬಂದ ದಿನ

ನಮ್ಮ ಮೂವರ ಆಸೆ ಮೆಡಿಟರೇನಿಯನ್ ದ್ವೀಪದ್ದು. ಸೈಪ್ರಸ್ಸೋ ಮಾಲ್ಟಾವೋ, ಫೋನಿನಲ್ಲಿ ನೀಲಿ ನೀರಿನ ಚಿತ್ರ ನೋಡುತ್ತಲೇ ಎಷ್ಟೋ ಬೇಸಿಗೆ ಕಳೆದಿದ್ದೆವು. ವೀಸಾದ ಮಾತೆತ್ತಿದರೆ ಸಾಕು, ಕೆಲಸ ಕೊಟ್ಟ ಧಣಿ, ಕಫೀಲ್, ಮುಖ ಸಿಂಡರಿಸುತ್ತಿದ್ದ. ಕೊನೆಗೆ ಹಾಸಿಗೆ ಇದ್ದಷ್ಟು ಕಾಲು ಚಾಚಿ, ಜೀಝಾನ್ ಬಂದರಿನಲ್ಲಿ ಹಡಗು ಹತ್ತಿ, ಸೌದಿಯದೇ ಆದ ಫರಸಾನ್ ದ್ವೀಪಕ್ಕೆ ಹೋದೆವು. ನಾನು ಮದೀನಾದ ಹೋಟೆಲೊಂದರ ರಿಸೆಪ್ಷನ್ನಿನವ. ಜೊತೆಗಿದ್ದ ಇಬ್ಬರೂ ನನ್ನ ರೂಮಿನವರೇ: ಅತ್ತರಿನ ಅಂಗಡಿಯ ಭಟ್ಕಳದವ, ಬಸ್ಸು ಓಡಿಸುವ ಉಳ್ಳಾಲದವ.

ಮರುದಿನ ಬೆಳಿಗ್ಗೆ ಫೋನನ್ನು ಭಟ್ಕಳದವನ ಕೈಗೆ ಕೊಟ್ಟು, ನಾವು ಇಳಿದುಕೊಂಡಿದ್ದ ಬಾಡಿಗೆ ಮನೆಯ ಹಿಂದಿನ ಕೊಲ್ಲಿಯಲ್ಲಿ ಎಮ್ಮೆಯಂತೆ ಬಿದ್ದುಕೊಂಡಿದ್ದೆ. ಹೊರಗಡಲಲ್ಲಿ ಗಾಳಿ ಎದ್ದದ್ದು ಅಲ್ಲಿಗೆ ತಟ್ಟಿರಲಿಲ್ಲ. ದಡದಲ್ಲಿ ಅವರಿಬ್ಬರು ಏನೋ ಪಿಸುಗುಡುತ್ತಿದ್ದರು. ನಾನು ಲಕ್ಷ್ಯ ಕೊಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಮೀನಿನ ತಲೆಗಾಗಿ ನಮ್ಮಲ್ಲಿ ಯಾವತ್ತೂ ಜಗಳ. ತಲೆ ಸಿಕ್ಕಿದವನೇ ಆ ದಿನದ ಸುಲ್ತಾನ. ಅಂದು ಭಟ್ಕಳದವ ತುಟಿಪಿಟಕ್ಕೆನ್ನದೆ ತಲೆಯನ್ನು ನನ್ನ ತಟ್ಟೆಗೆ ಹಾಕಿದ. ಉಳ್ಳಾಲದವ ಮುಳ್ಳು ಬಿಡಿಸಿಕೊಡಲು ಬಂದ.

"ಎಂತ ಮಾರಾಯ, ನಾನೇನು ಮದುಮಗನಾ?" ಎಂದು ನಕ್ಕೆ. ಇಬ್ಬರೂ ನಗಲಿಲ್ಲ.

ಗಲ್ಫಿನಲ್ಲಿದ್ದವರಿಗೆಲ್ಲ ಈ ಪದ್ಧತಿ ಗೊತ್ತು. ಊರಲ್ಲಿ ಸಾವಾದರೆ ಸುದ್ದಿ ಮೊದಲು ಬರುವುದು ರೂಮಿನವರಿಗೆ. ಅವರು ಹೊಟ್ಟೆ ತುಂಬ ಉಣ್ಣಿಸುತ್ತಾರೆ, ಮನೆಯಲ್ಲಿ ಸ್ವಲ್ಪ ಹುಷಾರಿಲ್ಲವಂತೆ ಎಂದು ವಿಮಾನ ಹತ್ತಿಸುತ್ತಾರೆ. ಉಳಿದದ್ದು ತಿಳಿಯುವುದು ಊರು ಮುಟ್ಟಿದ ಮೇಲೆ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಉಮ್ಮನಾ?" ಎಂದೆ.

"ಮೊದಲು ಊಟ ಮಾಡು," ಎಂದ ಉಳ್ಳಾಲದವ.

"ಉಮ್ಮ ಇದ್ದಾರಾ, ಇಲ್ಲವಾ? ಅಷ್ಟು ಹೇಳು."

ಅವನು ಅಳತೊಡಗಿದ. ಬೆಳಿಗ್ಗೆಯೇ ಊರಿನಿಂದ ನನ್ನ ಅಣ್ಣ ಅವನಿಗೆ ಫೋನ್ ಮಾಡಿದ್ದನಂತೆ. ಗಾಳಿಯಿಂದ ಹಡಗು ನಿಂತಿತ್ತು. ಹೇಗೂ ಹೋಗಲಾಗದು, ಉಂಡ ಮೇಲೆ ಹೇಳಿದರಾಯಿತು ಎಂದು ಇಬ್ಬರೂ ತೀರ್ಮಾನಿಸಿದ್ದರು.

ತಟ್ಟೆಯನ್ನು ಗೋಡೆಗೆ ಎಸೆದೆ. ನನ್ನ ಹೆತ್ತ ಉಮ್ಮನ ಸಾವನ್ನು ನನಗೇ ಮುಚ್ಚಿಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು. ಭಟ್ಕಳದವನಿಂದ ನನ್ನ ಫೋನು ಕಿತ್ತುಕೊಂಡು ಬರಿಗಾಲಲ್ಲಿ ಜೆಟ್ಟಿಗೆ ಓಡಿದೆ. ಮೀನುಗಾರರ ಕೈ ಹಿಡಿದು, ಬರುವಷ್ಟು ಅರಬ್ಬಿಯಲ್ಲಿ ದೋಣಿ ಬಿಡಿ ಎಂದು ಬೇಡಿದೆ. ಒಬ್ಬ ಮುದುಕ ಅಲೆಗಳತ್ತ ಬೆರಳು ತೋರಿಸಿ ತಲೆಯಾಡಿಸಿದ. ಕಡಲ ಬದಿಯಲ್ಲೇ ಹುಟ್ಟಿದವನು ನಾನು. ಆ ನೀರಿಗೆ ದೋಣಿ ಇಳಿಸುವಂತಿಲ್ಲ ಎಂದು ನನಗೂ ಕಾಣುತ್ತಿತ್ತು. ಆದರೂ ಬೇಡಿದೆ. ಈಜಿಯಾದರೂ ಹೋಗುತ್ತೇನೆ ಎಂದು ನೀರಿಗಿಳಿದವನನ್ನು ಹಿಂದೆಯೇ ಓಡಿಬಂದ ಉಳ್ಳಾಲದವ ಸೊಂಟ ಹಿಡಿದು ಎಳೆದು ತಂದ.

ಅಣ್ಣನಿಗೆ ಫೋನ್ ಹಚ್ಚಿದೆ. "ಉಮ್ಮನನ್ನು ನಾಳೆಯವರೆಗೆ ಇಡು. ಒಂದು ಸಲ ಮುಖ ನೋಡ್ತೇನೆ. ಒಂದೇ ಒಂದು ಸಲ."

"ಮಯ್ಯತ್ತನ್ನು ದಫನ ಮಾಡದೆ ಕಾಯಿಸುವುದುಂಟಾ ಮಾರಾಯ? ಸಂಜೆಯ ಅಸರ್ ನಮಾಝು ಆಯ್ತು, ನಮಾಝಿಗೆ ಬಂದವರೆಲ್ಲ ಪಳ್ಳಿಯಲ್ಲೇ ಕಾಯ್ತಾ ಇದ್ದಾರೆ," ಎಂದ ಅಣ್ಣ. "ವಿಡಿಯೋದಲ್ಲಿ ತೋರಿಸ್ತೇನೆ, ನೋಡು."

ಬಿಳಿ ಬಟ್ಟೆಯ ಅಂಚು ಕಂಡಿತು, ಅಣ್ಣನ ಹೆಬ್ಬೆರಳು ಕಂಡಿತು. ಆಮೇಲೆ ಬರೀ ಮಸುಕು ಚೌಕಗಳು. ಚಿತ್ರ ನಿಂತುಬಿಟ್ಟಿತ್ತು, ದನಿ ಮಾತ್ರ ಬರುತ್ತಿತ್ತು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ, ಬಂಡೆ ಹತ್ತಿದೆ, ಯಾ ಅಲ್ಲಾ ಎಂದು ಕೂಗಿಕೊಂಡೆ. ಚೌಕಗಳು ಕದಲಲಿಲ್ಲ. ಅತ್ತ ಯಾರೋ ಅವಸರಿಸುತ್ತಿದ್ದರು: "ಬೇಗ, ಮಳೆ ಬರ್ತದೆ."

"ಕಂಡಿತಾ?" ಅಣ್ಣ ಕೇಳಿದ. "ಮುಖ ಮುಚ್ಚಬಹುದಾ?"

"ಕಂಡಿತು," ಎಂದೆ. "ಮುಚ್ಚಿ."