ಗುಡ್ಡ ಗುಡಿಸುವವಳು

"ದುರ್ಬೀನನ್ನು ಈ ಬೆಟ್ಟದಿಂದ ಗುಡಿಸಿ ಹಾಕುತ್ತೇವೆ!" ಎಂದು ಅಬ್ಬರಿಸಿದ ವಿರೋಧ ಸಮಿತಿಯ ಅಧ್ಯಕ್ಷರಿಗೆ, ಮಾತಿನ ಜೊತೆ ಕೈಯಲ್ಲೊಂದು ವಸ್ತುವೂ ಇದ್ದರೆ ಕಳೆ ಬರುತ್ತದೆ ಎನ್ನಿಸಿತು. ವೇದಿಕೆಯ ಮೂಲೆಯಲ್ಲಿ ಹೊರೆ ಹಿಡಿದು ನಿಂತಿದ್ದ ಪೊರಕೆಯಕ್ಕನಿಂದ ಹೊಸ ಪೊರಕೆಯೊಂದನ್ನು ಕಸಿದುಕೊಂಡರು.

"ಅಣ್ಣಾ, ಅದಿನ್ನೂ ಝಾಡಿಸಿಲ್ಲ," ಎಂದಳು ಅವಳು.

ಅಧ್ಯಕ್ಷರು ಅದನ್ನು ಬೆಂಬಲವೆಂದೇ ತಿಳಿದು ಪೊರಕೆಯನ್ನು ತಲೆಯ ಮೇಲೆತ್ತಿ ಗರಗರ ತಿರುಗಿಸಿದರು. ಹೊಸ ಪೊರಕೆಯನ್ನು ಕಲ್ಲಿಗೆ ನಾಲ್ಕು ಬಾರಿ ಬಡಿದು ಹೊಟ್ಟು ಉದುರಿಸಿಯೇ ಒಳಗೆ ತರಬೇಕು. ಇದು ಗೊತ್ತಿರಬೇಕಾದರೆ ಜನ್ಮದಲ್ಲಿ ಒಮ್ಮೆಯಾದರೂ ಕಸ ಗುಡಿಸಿರಬೇಕು. "ಈ ಬೆಟ್ಟಕ್ಕಾಗಿ ನನ್ನ ಪ್ರಾ..." ಎನ್ನುವಷ್ಟರಲ್ಲಿ ಪ್ರಾಣಕ್ಕೆ ಬದಲು ಸೀನು ಬಂತು. ಮೈಕು ಅದನ್ನು ಬಸ್ ನಿಲ್ದಾಣದವರೆಗೂ ಮುಟ್ಟಿಸಿತು. ಕಾರ್ಯದರ್ಶಿ ಸೀನಿದರು, ಖಜಾಂಚಿ ಸೀನಿದರು. ಹೋರಾಟದ ಮೊದಲ ಸೀನೇ ಸೀನಾಗಿ ಹೋಯಿತು.

ಜನ ಬಿದ್ದು ಬಿದ್ದು ನಕ್ಕರು. ಪೊರಕೆಯಕ್ಕನ ಮುಖ ಕೆಂಪಾದದ್ದು ನಿಜ, ಆದರೆ ಅಧ್ಯಕ್ಷರ ಮೂಗಿಗಾಗಿ ಅಲ್ಲ. ಝಾಡಿಸದ ಸರಕನ್ನು ಊರ ಮುಂದೆ ಇಟ್ಟುಬಿಟ್ಟೆನಲ್ಲ ಎಂದು.

ಐವತ್ತೊಂದು ವರ್ಷದ ಅವಳದು ಬಸ್ ಡಿಪೋದ ಹಿಂದೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ತೊಲೆಗಳಿಂದ ಪೊರಕೆಗಳು ಬಾವಲಿಗಳಂತೆ ತಲೆಕೆಳಗಾಗಿ ನೇತಾಡುತ್ತವೆ. ಬಂದವರು ಕತ್ತು ಬಗ್ಗಿಸಿಯೇ ಕೂರಬೇಕು. ಕಿಟಕಿಯ ಸರಳಿಗೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದು, ಹುಲ್ಲಿನ ಕಟ್ಟನ್ನು ಹಗ್ಗದ ಮೇಲೆ ಉರುಳಿಸುತ್ತಾ ಹಿಂದಕ್ಕೆ ವಾಲಿದರೆ ಬುಡ ಗಟ್ಟಿಯಾಗುತ್ತದೆ. ಮೂವತ್ತು ವರ್ಷ ವಾಲಿದ್ದಕ್ಕೆ ಸರಳು ನಡುವೆ ಸವೆದಿದೆ. ಅವಳ ನಡು ಸವೆದಿಲ್ಲ, ನೋಯುತ್ತದೆ ಅಷ್ಟೆ. ಗಂಡ ಎನ್ನುವವನು ಮದುವೆಯಾದ ಎರಡನೇ ವರ್ಷ, ಬೆಟ್ಟ ಹತ್ತುವುದೇ ಈ ಮನೆಯ ಕಸುಬೆಂದು ತಿಳಿದ ಮೇಲೆ, ಮೆಟ್ಟಿಲು ಇಳಿದು ಹೋದ. "ಅವನನ್ನ ಝಾಡಿಸದೆ ಒಳಗೆ ತಂದಿದ್ದೇ ತಪ್ಪು," ಎಂದು ಹಿಂದಿನ ಕೋಣೆಯ ಮಂಚದಿಂದ ಎಂಬತ್ತರ ತಾಯಿ ಈಗಲೂ ಹೇಳುತ್ತಾಳೆ.

ಹುಲ್ಲು ಬೆಳೆಯುವುದು ಬೆಟ್ಟದ ಮೂಡಣ ಇಳಿಜಾರಿನಲ್ಲಿ. ಕೊಯ್ಲು, ಒಣಗಿಸುವುದು ಎಲ್ಲ ಸೇರಿ ವರ್ಷಕ್ಕೆ ಆರೇ ವಾರ. ತೆನೆ ಬಿರಿಯುವ ಮೊದಲೇ ಕೊಯ್ಯಬೇಕು, ಕೊಯ್ದದ್ದನ್ನು ಮೂರು ದಿನದೊಳಗೆ ಒಣಗಿಸಬೇಕು. ಕೆಳಗೆ ಅಂಗಳದಲ್ಲಿ ಹರಡಿದರೆ ಹತ್ತು ದಿನವಾದರೂ ತೇವ ಬಿಡದೆ ಕಪ್ಪು ಚುಕ್ಕೆ ಹಿಡಿಯುತ್ತದೆ. ಚುಕ್ಕೆ ಬಿದ್ದ ಪೊರಕೆಯನ್ನು ಗಿರಾಕಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಇಟ್ಟು ಹೋಗುತ್ತಾನೆ. ಬೆಟ್ಟದ ತುದಿಯಲ್ಲಿ ಮಾತ್ರ ಅಂಗೈಯಂಥ ಚಪ್ಪಟೆ ಬಂಡೆಯೊಂದಿದೆ. ಎರಡೂ ಕಡೆಯಿಂದ ಗಾಳಿ, ಎಲ್ಲೂ ಪಸೆಯಿಲ್ಲ. ಆ ಬಂಡೆಯಿದ್ದರೆ ಕಸುಬು, ಇಲ್ಲದಿದ್ದರೆ ಬರೀ ಕಸ.

ಬೆಟ್ಟದ ಮೇಲೆ ದುರ್ಬೀನು ನಿಲ್ಲಿಸಹೊರಟವರಿಗೂ ಅದೇ ಬಂಡೆ ಬೇಕಾಗಿತ್ತು. ನಕ್ಷತ್ರಕ್ಕಾಗಿ ಬಂದವರು ಮೊದಲು ತಂದದ್ದು ನಕ್ಷೆ. ಬಂಡೆಯಿರುವಲ್ಲಿ "ಖಾಲಿ" ಎಂದು ಬರೆದಿತ್ತು, ಇಳಿಜಾರಿನಲ್ಲಿ "ಹುಲ್ಲು ಇತ್ಯಾದಿ". ತಾನು ಆ ಇತ್ಯಾದಿಯಲ್ಲಿ ಬರುತ್ತೇನೆಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಜೀಪಿನಿಂದ ಇಳಿದ ಅಧಿಕಾರಿ ಬೂಟು ಸಮೇತ ಹರಡಿದ ಹುಲ್ಲಿನ ಮೇಲೆ ನಿಂತು, "ಇಲ್ಲಿ ಗಾಳಿಯಲ್ಲಿ ತೇವವೇ ಇಲ್ಲಮ್ಮ, ಮೂರು ವರ್ಷ ಯಂತ್ರ ಇಟ್ಟು ಅಳೆದಿದ್ದೀವಿ," ಎಂದು ಹಿಗ್ಗಿದರು.

"ನನ್ನ ಕೇಳಿದ್ರೆ ನಿಂತ ಕಾಲಲ್ಲೇ ಹೇಳ್ತಿದ್ದೆ. ಕಾಲು ಅಂದ ಹಾಗೆ, ಆ ಕಾಲು ಸ್ವಲ್ಪ ತೆಗೀರಿ ಸಾರ್."

ಅದೇ ವಾರ ಊರಿನಲ್ಲಿ ವಿರೋಧ ಸಮಿತಿ ಹುಟ್ಟಿತು. ಅಧ್ಯಕ್ಷರು ಜವಳಿ ಅಂಗಡಿಯವರು. ಕಾರ್ಯದರ್ಶಿ ನಿವೃತ್ತ ಮೇಷ್ಟ್ರು, ಪಾಠದಿಂದ ನಿವೃತ್ತಿ, ಭಾಷಣದಿಂದಲ್ಲ. ಇಬ್ಬರೂ ಬೆಟ್ಟವನ್ನು ಕಂಡದ್ದು ತಮ್ಮ ತಮ್ಮ ಮಹಡಿಯಿಂದ, ಕೈಯಲ್ಲಿ ಲೋಟ ಹಿಡಿದು. ಹತ್ತಿದವರು ಬೇಕೆಂದು ಹುಡುಕಿದಾಗ ಸಿಕ್ಕಿದ್ದು ಪೊರಕೆಯಕ್ಕ. ತಕ್ಷಣ "ಬೆಟ್ಟದ ಮಗಳು" ಎಂಬ ಬಿರುದು ಕೊಟ್ಟರು. ಕುರ್ಚಿ ಕೊಡಲಿಲ್ಲ.

ಸೀನಿನ ಪ್ರಕರಣವಾದ ಮೇಲೆ ಸಮಿತಿ ಅವಳಿಗೆ ತರಬೇತಿ ಕೊಡಲು ನಿರ್ಧರಿಸಿತು. ಮೇಷ್ಟ್ರು ಅವಳ ಮನೆಗೇ ಬಂದು, ಪೊರಕೆಗಳ ಕೆಳಗೆ ಕತ್ತು ಬಗ್ಗಿಸಿ ಕೂತು, ವಿಚಾರಣೆಯಲ್ಲಿ ಅವಳು ಹೇಳಬೇಕಾದ ಎರಡು ಪುಟದ ಮಾತನ್ನು ಓದಿದರು.

"ಹೇಳಮ್ಮ, 'ಈ ಬೆಟ್ಟ ನನ್ನ ಹೆತ್ತ ತಾಯಿ.'"

"ಮೆಲ್ಲಗೆ ಮೇಷ್ಟ್ರೇ. ಹೆತ್ತವಳು ಒಳಗೇ ಇದ್ದಾಳೆ."

"ಕೇಳಿಸ್ತು!" ಎಂದಿತು ಒಳಗಿನ ದನಿ. "ಯಾವ ಬೆಟ್ಟ ಕಣೇ ನಿನ್ನ ಹೆತ್ತಿದ್ದು? ಎರಡು ದಿನ ನೋವು ತಿಂದವಳು ನಾನು!"

"ಅದು ಅಲಂಕಾರ, ಅಜ್ಜೀ," ಎಂದರು ಮೇಷ್ಟ್ರು.

"ಅಲಂಕಾರ ನಿಮ್ಮನೆಯವರಿಗೆ ಮಾಡ್ಕೊಳ್ಳಿ."

ಮೇಷ್ಟ್ರು ಏಳುವ ಭರದಲ್ಲಿ ಪೊರಕೆಗಳಿಂದ ತಲೆ ಸವರಿಸಿಕೊಂಡು ಹೊರಟರು. ಅವಳು ಬಾಗಿಲವರೆಗೂ ಹೋಗಿ ಕೇಳಿದಳು: "ಇದ್ರಲ್ಲಿ ಬಂಡೆ ವಿಷಯ ಎಲ್ಲಿ ಬರುತ್ತೆ?"

"ಬಂಡೆ ಸಣ್ಣ ವಿಷಯಮ್ಮ. ನಾವು ಬೆಟ್ಟದ ಆತ್ಮದ ಬಗ್ಗೆ ಮಾತಾಡ್ತಿದ್ದೀವಿ."

ಆತ್ಮದ ಮೇಲೆ ಹುಲ್ಲು ಹರಡಲು ಬರುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಮೇಷ್ಟ್ರ ಕೂದಲಿನಲ್ಲಿ ಸಿಕ್ಕಿದ್ದ ಕಡ್ಡಿಯನ್ನು ತೆಗೆದುಕೊಡಬೇಕೆಂದೂ ಅನ್ನಿಸಿತು. ಎರಡನ್ನೂ ಬಿಟ್ಟಳು.

ಸಾರ್ವಜನಿಕ ವಿಚಾರಣೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮೇಜಿನ ಮೇಲೆ ದುರ್ಬೀನಿನ ಮಾದರಿ, ಅಗಲ ಗುಮ್ಮಟದ ಎಂಟು ಮಹಡಿಯ ಕಟ್ಟಡ. ಅದರ ಬುಡದಲ್ಲಿ ಬಂಡೆಯಿಲ್ಲ, ಹಸಿರು ಬಳಿದ ಸ್ಪಂಜು ಇತ್ತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಬೇಡಿಕೆಗಳನ್ನು ಓದಿದರು. ದುರ್ಬೀನಿಗೆ ಊರಿನ ಹೆಸರಿಡಬೇಕು. ಅಡಿಗಲ್ಲಿನ ಮೇಲೆ ಸಮಿತಿಯವರ ಹೆಸರು ಕೆತ್ತಿಸಬೇಕು. ಭಾನುವಾರ ಅವರ ಕುಟುಂಬಗಳಿಗೆ ಗ್ರಹ ತೋರಿಸಬೇಕು. ಮೂರು ತಿಂಗಳು "ಬೇಡ, ಬೇಡ" ಎಂದು ಕೂಗಿದವರು ಕೊನೆಗೆ ಬೇಡಿದ್ದು ಇಷ್ಟನ್ನು. ಹುಲ್ಲಿನ ಹೆಸರು ಎಲ್ಲೂ ಬರಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಅವಳು ಒಬ್ಬೊಬ್ಬರನ್ನೇ ನೋಡಿದಳು. ಒದ್ದೆ ಹುಲ್ಲನ್ನು ಒಣಹುಲ್ಲಿನಿಂದ ಬೇರೆ ಮಾಡುವಾಗ ಅವಳು ಹೀಗೇ ನೋಡುತ್ತಾಳೆ. ಒಣಗಿದ್ದು ಒಂದೂ ಸಿಗಲಿಲ್ಲ. ತಾನೇ ಎದ್ದು ಬಂಡೆಯ ಮಾತೆತ್ತಿದಳು.

ಅಧಿಕಾರಿ ಕೈ ಜೋಡಿಸಿಯೇ ಉತ್ತರಿಸಿದರು. "ಅದನ್ನ ಮರೆತಿಲ್ಲಮ್ಮ. ಹುಲ್ಲನ್ನ ಒಂಚೂರು ಪಕ್ಕಕ್ಕೆ ಸರಿಸಿದರಾಯ್ತು. ಡಿಪೋ ಪಕ್ಕದಲ್ಲಿ ತಗಡಿನ ಶೆಡ್ ಹಾಕಿಸಿಕೊಡ್ತೀವಿ."

"ಗಾಳಿ?"

"ಫ್ಯಾನ್ ಇರುತ್ತೆ."

ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಧ್ಯಕ್ಷರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ನಡಾವಳಿಯಲ್ಲಿ ಬರೀಬೇಕು. ಬೆಟ್ಟದ ಮಗಳು ನೀವು, ನಿಮ್ಮ ಮಾತಿಗೆ ತೂಕ ಇದೆ. ಉದ್ದ ಬೇಡ, ನೇರವಾಗಿ ಹೇಳಿ. ದುರ್ಬೀನು ನಿಮಗೆ ಬೇಕೋ, ಬೇಡವೋ?"

ಮೇಷ್ಟ್ರು ಮುಂದೆ ಬಗ್ಗಿ, ತಾಯಿ, ತಾಯಿ ಎಂದು ತುಟಿಯಲ್ಲೇ ಹೇಳಿಕೊಟ್ಟರು. ಅವಳು ಮೇಜಿನ ಮೇಲಿನ ಎಂಟು ಮಹಡಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದಳು.

"ಇಟ್ಕೊಳ್ಳಿ ಸಾರ್, ನಂದೇನಿಲ್ಲ. ವರ್ಷಕ್ಕೆ ಹುಲ್ಲು ಒಣಗೋ ಆರು ವಾರ ಮಾತ್ರ ಅದನ್ನ ಒಂಚೂರು ಎತ್ತಿ ಪಕ್ಕಕ್ಕಿಡಿ."