ಹಿಂದಿನಿಂದ ನೋಡಿದ ಲಾರಿ

ಗಾಜಿನಕ್ಕನ ಕೈಗೆ ಆ ಬೀದಿಯಲ್ಲಿ ಒಂದು ಮರ್ಯಾದೆ ಇತ್ತು. ಗಾಜಿನ ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ, ಅಳತೆಪಟ್ಟಿ ಇಟ್ಟು, ಕಟರ್ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಗೆರೆ ಎಳೆದಳೆಂದರೆ ಮುಗಿಯಿತು. ಗಾಜನ್ನು ಮೇಜಿನಂಚಿಗೆ ಸರಿಸಿ ಮೆಲ್ಲಗೆ ಒತ್ತಿದರೆ ಹೇಳಿದ ಮಾತು ಕೇಳುವ ಮಗುವಿನಂತೆ ಎರಡಾಗುತ್ತಿತ್ತು. ನಡುವೆ ಕೈ ನಿಲ್ಲಬಾರದು. ಎಳೆದ ಗೆರೆಯ ಮೇಲೆ ಮತ್ತೆ ಎಳೆಯಬಾರದು. ನಿಂತರೆ ಗಾಜು ತನಗೆ ತೋಚಿದ ಕಡೆ ಒಡೆಯುತ್ತದೆ. ಈ ಕೆಲಸವನ್ನು ಅವಳು ಕಲಿತದ್ದು ಅಪ್ಪನಿಂದ. ಅಂಗಡಿಯೂ ಅಪ್ಪನದೇ. ಬೋರ್ಡಿನ ಮೇಲೆ ಮಾತ್ರ ಗಂಡನ ಹೆಸರಿತ್ತು, ಯಾಕೆಂದರೆ ಬೋರ್ಡು ಬರೆಸಲು ಹೋದವರು ಅವರು.

ಆ ಗಂಡನನ್ನು ನಾವೂ ಯಜಮಾನರು ಎಂದೇ ಕರೆಯೋಣ, ಅವರಿಗೆ ಅದು ಇಷ್ಟ. ಯಜಮಾನರ ಪಾಲಿಗೆ ಬಂದ ಕೆಲಸ ಎರಡು: ಗಿರಾಕಿಗಳ ಜೊತೆ ಮಾತಾಡುವುದು ಮತ್ತು ಲಾರಿ ಓಡಿಸುವುದು. ಮೊದಲನೆಯದರಲ್ಲಿ ಅವರು ಎಂದೂ ಕೆಟ್ಟು ನಿಂತವರಲ್ಲ. ಎರಡನೆಯದರ ಕತೆ ಬೇರೆ. ಅದನ್ನು ಲಾರಿ ಎಂದು ಕರೆಯುತ್ತಿದ್ದವರೂ ಅವರ ಮನೆಯವರು ಮಾತ್ರ. ಹಿಂದುಗಡೆ ಗಾಜು ಒರಗಿಸಲು ಮರದ ಚೌಕಟ್ಟು ಕಟ್ಟಿದ ಒಂದು ಪುಟ್ಟ ಸರಕಿನ ಗಾಡಿ ಅದು. ಲೈಟು ಉರಿಯುತ್ತಿತ್ತು. ಹಾರ್ನ್ ಬೀದಿಯೇ ಎದ್ದು ಕೂರುವಂತೆ ಕೂಗುತ್ತಿತ್ತು. ಕೀಲಿ ತಿರುಗಿಸಿದರೆ ಮಾತ್ರ ‘ಟಿಕ್’ ಎಂದು ಸುಮ್ಮನಾಗುತ್ತಿತ್ತು. ಆರು ವರ್ಷದ ಕೆಳಗೆ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತುವ ಶ್ರಮವನ್ನೂ ತೆಗೆದುಕೊಳ್ಳದೆ, “ಸ್ಟಾರ್ಟರ್ ಹೋಗಿದೆ, ಹೊಸದು ಹಾಕ್ಬೇಕು” ಎಂದು ಒಂದು ಬೆಲೆ ಹೇಳಿದ. ಯಜಮಾನರು ಲಾರಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ಯಾವುದು ಅಗ್ಗ ಎಂದು ಅವರಿಗೆ ತಕ್ಷಣ ಹೊಳೆಯಿತು.

“ಸದ್ಯಕ್ಕೆ ತಳ್ಳಿಕೊಂಡು ನಡೆಸೋಣ” ಎಂದರು.

ನಡೆಸೋಣ ಎಂದರೆ ಅವರು ಸ್ಟೇರಿಂಗ್ ಹಿಡಿಯುವುದು, ಅವಳು ಹಿಂದಿನಿಂದ ತಳ್ಳುವುದು. ಅಂಗಡಿಯ ಮುಂದೆ ರಸ್ತೆ ಕೊಂಚ ಇಳಿಜಾರು, ಅದೊಂದು ಪುಣ್ಯ. ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿ ಬಲಭುಜವನ್ನು ಹಿಂದಿನ ತಗಡಿನ ಹಲಗೆಗೆ ಕೊಟ್ಟು ದೂಡುತ್ತಿದ್ದಳು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಯಜಮಾನರು ಗೇರು ಹಾಕುತ್ತಿದ್ದರು, ಲಾರಿ ಒಮ್ಮೆ ಬಿಕ್ಕಳಿಸಿ ಹೊರಡುತ್ತಿತ್ತು. ಹೊರಟ ಮೇಲೆ ನಿಲ್ಲಿಸುವ ಧೈರ್ಯ ಯಾರಿಗಿದೆ? ಅವಳು ಓಡಿ ಬಂದು ಹತ್ತಬೇಕು. ಯಜಮಾನರು ಉದಾರಿಗಳು, ಅವಳ ಕಡೆಯ ಬಾಗಿಲನ್ನು ತೆರೆದಿಟ್ಟಿರುತ್ತಿದ್ದರು. “ನಮ್ಮ ಲಾರಿ ಗಟ್ಟಿ. ಒಬ್ಬರು ತಳ್ಳಿದ್ರೆ ಸಾಕು, ಹೊರಟೇಬಿಡುತ್ತೆ” ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದರು. ಆ ಒಬ್ಬರು ಯಾರೆಂದು ಗಿರಾಕಿಗಳೂ ಕೇಳುತ್ತಿರಲಿಲ್ಲ. ಹೀಗೆ ‘ಸದ್ಯಕ್ಕೆ’ ಎಂಬುದು ಆರು ವರ್ಷ ನಡೆಯಿತು.

ಒಂದು ದಿನ ಕ್ಷೌರದಂಗಡಿಗೆ ಗೋಡೆಯಗಲದ ಕನ್ನಡಿ ಸಾಗಿಸಬೇಕಿತ್ತು. ಗಾಜಿನಕ್ಕ ಎಂದಿನಂತೆ ದೂಡಿದಳು. ಭುಜದೊಳಗೆ ಏನೋ ಕಳಕ್ಕೆಂದಿತು, ಕಣ್ಣು ಕತ್ತಲೆ ಬಂತು, ಅವಳು ಅಲ್ಲೇ ಕುಸಿದಳು. ಲಾರಿ ಮಾತ್ರ ಬಿಕ್ಕಳಿಸಿತು. ಆ ಹೊಡೆತಕ್ಕೆ ಕನ್ನಡಿ ಮೇಲಿಂದ ಕೆಳಗೆ ಸೀಳಿತು. ಯಜಮಾನರು ಇಳಿದು ಓಡೋಡಿ ಬಂದರು, ನೇರ ಕನ್ನಡಿಯ ಹತ್ತಿರಕ್ಕೆ.

ಡಾಕ್ಟರು ಭುಜ ಒತ್ತಿ ನೋಡಿ, ಪಟ್ಟಿ ಕಟ್ಟಿ, “ಇನ್ಮೇಲೆ ಏನನ್ನೂ ತಳ್ಳಬೇಡಿ. ಇನ್ನೊಂದು ಸಲ ಹೀಗಾದ್ರೆ ಈ ಕೈ ಕೆಲಸಕ್ಕೆ ಬರಲ್ಲ” ಎಂದರು. ಮನೆಗೆ ಬಂದ ಯಜಮಾನರು ತುಂಬ ಹೊತ್ತು ಯೋಚಿಸಿ ಗಂಭೀರವಾಗಿ ತೀರ್ಮಾನ ಹೇಳಿದರು: “ಈ ಲಾರಿ ಬದಲಾಯಿಸಲೇಬೇಕು. ಹೀಗೆ ಕನ್ನಡಿ ಒಡೀತಾ ಹೋದ್ರೆ ನಮಗೆ ಪೂರೈಸಲ್ಲ.” ಭುಜಕ್ಕೆ ಮುಲಾಮು ತರಿಸಿಕೊಟ್ಟರು, ಚಿಕ್ಕ ಡಬ್ಬಿ.

ಒಂದು ವಾರ ಕಳೆದು ಅವಳು ಕಟರ್ ಹಿಡಿದಳು. ಕಿಟಕಿಯ ಸಾಧಾರಣ ಗಾಜು, ಕಣ್ಣು ಮುಚ್ಚಿ ಕತ್ತರಿಸುವಂಥದ್ದು. ಅರ್ಧ ದಾರಿಯಲ್ಲಿ ಭುಜ ಚುಳ್ಳೆಂದಿತು, ಕೈ ನಿಂತಿತು. ಮೇಜಿನಂಚಿನಲ್ಲಿ ಒತ್ತಿದಾಗ ಗಾಜು ಸೊಟ್ಟಕ್ಕೆ ಒಡೆಯಿತು. ಎಂಟನೆಯ ವಯಸ್ಸಿನಲ್ಲಿ ಕೆಲಸ ಕಲಿತ ಮೇಲೆ ಅವಳ ಕೈಯಲ್ಲಿ ಗಾಜು ಸೊಟ್ಟಕ್ಕೆ ಒಡೆದದ್ದು ಅದೇ ಮೊದಲು. ಅವಳಿಗೆ ಭಯವಾಯಿತು. ಅಂಗಡಿ ಹೋದರೆ ಇನ್ನೊಂದು ಮಾಡಬಹುದು, ಗಂಡನ ಮಾತು ಹೋದರೆ ನೆಮ್ಮದಿಯಾದರೂ ಸಿಕ್ಕೀತು, ಈ ಕೈ ಹೋದರೆ ತಾನು ಯಾರು ಎಂದು ಯೋಚಿಸಿ ಅವಳು ಚೂರುಗಳನ್ನು ಯಾರಿಗೂ ಕಾಣದಂತೆ ಗುಡಿಸಿ ಹಾಕಿದಳು. ಇನ್ನೊಂದು ಗಾಡಿ ಬೇಗ ಬರಬೇಕಿತ್ತು, ಕೀಲಿ ತಿರುಗಿಸಿದರೆ ಹೊರಡುವಂಥದ್ದು. ಅವಳಿಗೆ ಬೇಕಾದದ್ದು ಅಷ್ಟೇ.

ಯಜಮಾನರಿಗೆ ಅಷ್ಟೇ ಸಾಲುವುದೆ? ಹಳೆ ಗಾಡಿ ಕೊಳ್ಳುವುದೆಂದರೆ ಹುಡುಗಾಟವಲ್ಲ ಎಂದು ತಮ್ಮನನ್ನು ಕರೆಸಿದರು. ಅವಳ ಈ ಮೈದುನನ ಹತ್ತಿರ ಸೈಕಲ್ಲೂ ಇರಲಿಲ್ಲ, ಆದ್ದರಿಂದ ಗಾಡಿಗಳ ಬಗ್ಗೆ ಅವನ ಜ್ಞಾನ ಯಾವ ಅನುಭವದಿಂದಲೂ ಕೆಟ್ಟಿರಲಿಲ್ಲ. ಟೈರಿಗೆ ಒದ್ದು ಅದರ ಸದ್ದಿನಲ್ಲಿ ಇಂಜಿನ್ನಿನ ಆಯಸ್ಸು ಹೇಳುತ್ತಿದ್ದ.

ಮೊದಲ ದಿನವೇ ಒಂದು ತೊಡಕು ಎದುರಾಯಿತು. ಬೇರೆ ಗಾಡಿ ನೋಡಲು ಹೋಗುವುದಕ್ಕೂ ಹಳೆಯದನ್ನು ತಳ್ಳಬೇಕಿತ್ತು.

“ಡಾಕ್ಟರು ಹೇಳಿದ್ದು ಬಲಭುಜಕ್ಕೆ ತಾನೆ?” ಎಂದರು ಯಜಮಾನರು.

“ಎಡಭುಜ ಕೊಡಿ ಅತ್ತಿಗೆ” ಎಂದ ಮೈದುನ, ಒಳಗೆ ಕೂತು. ಅವನು ಇಳಿಯುವಂತಿರಲಿಲ್ಲ, ದಾರಿಯಲ್ಲಿ ಅಣ್ಣನಿಗೆ ಸಲಹೆ ಕೊಡಬೇಕಿತ್ತು. ಅವಳು ಎಡಭುಜ ಕೊಟ್ಟಳು.

ಹಳೆ ಗಾಡಿಗಳ ವ್ಯಾಪಾರಿಯ ಅಂಗಳದಲ್ಲಿ ಒಂದು ನೀಲಿ ಗಾಡಿ ಮದುಮಗನಂತೆ ಮಿರಮಿರ ಮಿಂಚುತ್ತಿತ್ತು. ಸೀಟಿಗೆ ಹೊಸ ಹೊದಿಕೆ, ಕನ್ನಡಿಗೆ ತೂಗುವ ಗೊಂಡೆ. ವ್ಯಾಪಾರಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿ, ಕೀಲಿ ತಿರುಗಿಸಿದ. ಗಾಡಿ ಗುಂಯ್ಯೆಂದಿತು. ಮೈದುನ ಟೈರಿಗೆ ಒದ್ದು ತಲೆಯಾಡಿಸಿದ. ಯಜಮಾನರು ಕನ್ನಡಿಯಲ್ಲಿ ತಮ್ಮ ಮೀಸೆ ನೋಡಿಕೊಂಡು, “ಇದೇ” ಎಂದರು.

ಗಾಜಿನಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

“ಬಿಸಿ ಇದೆ. ಆಗಲೇ ಓಡಿಸಿದ್ದೀರಾ?” ಎಂದಳು.

“ಈಗಷ್ಟೇ ಇನ್ನೊಬ್ಬ ಗಿರಾಕಿ ನೋಡಿ ಹೋದ್ರಮ್ಮ” ಎಂದ ವ್ಯಾಪಾರಿ.

“ತಣ್ಣಗಿರುವಾಗ ಸ್ಟಾರ್ಟ್ ಆಗುತ್ತಾ ಅಂತ ನೋಡ್ಬೇಕಿತ್ತು” ಎಂದಳು ಅವಳು. ಯಜಮಾನರು ಹೆಂಗಸರ ಮಾತಿಗೆ ನಗುವ ನಗೆಯೊಂದನ್ನು ವ್ಯಾಪಾರಿಯ ಕಡೆ ನಕ್ಕರು.

ಮಾರನೆಯ ದಿನ ಬೆಳಿಗ್ಗೆ ಆರು ಗಂಟೆಗೆ, ಯಾರಿಗೂ ಹೇಳದೆ, ಅವಳೊಬ್ಬಳೇ ನಡೆದುಕೊಂಡು ಆ ಅಂಗಳಕ್ಕೆ ಹೋದಳು. ಕೆಲಸದವರಿಬ್ಬರು ನೀಲಿ ಗಾಡಿಯನ್ನು ಹಿಂದಿನಿಂದ ದೂಡುತ್ತಿದ್ದರು. ಅವಳು ಗೇಟಿನ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಸಿಟ್ಟಿಗಿಂತ ಮೊದಲು ಕನಿಕರ ಬಂತು.

“ಕೈಯಲ್ಲಿ ತಳ್ಳಬೇಡಿ, ಸೊಂಟ ಹಿಡಿಯುತ್ತೆ. ಭುಜ ಕೆಳಗೆ ಕೊಟ್ಟು ಕಾಲಿಂದ ಒತ್ತಿ” ಎಂದು ಹೇಳಿಕೊಟ್ಟು ಮನೆಗೆ ಬಂದಳು.

ಹೊರಗೆ ಥಳಕು, ಒಳಗೆ ಹುಳಕು ಎಂದು ಅವಳ ಬಾಯಿಂದ ಕೇಳಿದ ಮೇಲೂ ಯಜಮಾನರು ನೀಲಿಯ ಆಸೆ ಬಿಡಲಿಲ್ಲ. “ಹೊಸ ಟೈರು ಇದೆಯಲ್ಲೇ. ತಳ್ಳಿದ್ರೂ ಹಗುರವಾಗಿ ಉರುಳುತ್ತೆ” ಎಂದರು. ಅವಳು ಪಟ್ಟಿ ಬಿಚ್ಚಿ ಭುಜ ತೋರಿಸಿದಳು. ಅದು ಬದನೆಯ ಬಣ್ಣಕ್ಕೆ ತಿರುಗಿತ್ತು. ಯಜಮಾನರು ಪೇಪರ್ ಓದತೊಡಗಿದರು.

ಆಮೇಲೆ ಮೂರು ದಿನ ಗಾಡಿಗಳ ಮೆರವಣಿಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಅಣ್ಣನಿಗೆ ಹಿಡಿಸಿದ್ದು ತಮ್ಮನಿಗೆ ಹಿಡಿಸಲಿಲ್ಲ, ತಮ್ಮ ಒದ್ದ ಟೈರು ಅಣ್ಣನಿಗೆ ಸರಿ ಕಾಣಲಿಲ್ಲ. ಗಾಜಿನಕ್ಕ ಪ್ರತಿ ಬಾನೆಟ್ಟನ್ನೂ ಮುಟ್ಟಿದಳು. ಎಲ್ಲವೂ ಬೆಚ್ಚಗಿದ್ದವು. ಹಳೆ ಗಾಡಿ ಮಾರುವವರೆಲ್ಲ ಎಷ್ಟು ಬೇಗ ಏಳುತ್ತಾರೆ ಎಂದು ಅವಳಿಗೆ ಆಶ್ಚರ್ಯವಾಯಿತು.

ನಾಲ್ಕನೆಯ ದಿನ ಸಿಕ್ಕಿದ್ದು ಕೂಸಿನ ಗಾಡಿ. ಮಕ್ಕಳ ಡೈಪರ್ ಮಾರುತ್ತಿದ್ದವನೊಬ್ಬ ಅಂಗಡಿ ಮುಚ್ಚುತ್ತಿದ್ದ. ಗಾಡಿಯ ಎರಡೂ ಪಕ್ಕದಲ್ಲಿ, ಹಿಂದೆ, ಬಾಗಿಲ ಮೇಲೆ ಕೂಡ, ಹಲ್ಲಿಲ್ಲದ ಬಾಯಿ ತೆರೆದು ನಗುವ ಆಳೆತ್ತರದ ಕೂಸು. ಮೈಯೆಲ್ಲ ಗುಲಾಬಿ ಬಣ್ಣ.

“ನೀವು ಏಳನೆಯವರು” ಎಂದ ಮಾಲೀಕ. “ಎಲ್ಲರೂ ಬರ್ತಾರೆ, ಕೂಸನ್ನ ನೋಡ್ತಾರೆ, ನಕ್ಕು ಹೋಗ್ತಾರೆ. ಅದಕ್ಕೇ ಬೆಲೆ ಇಳಿಸಿದ್ದೀನಿ.”

ಅವಳು ಬಾನೆಟ್ ಮುಟ್ಟಿದಳು. ಕಲ್ಲಿನಂತೆ ತಣ್ಣಗಿತ್ತು. ಕೀಲಿಯನ್ನು ತಾನೇ ಇಸಿದುಕೊಂಡು ತಿರುಗಿಸಿದಳು. ಒಂದೇ ಸಲಕ್ಕೆ ಹೊರಟಿತು. ನಿಲ್ಲಿಸಿ ಕೆಳಗೆ ಬಗ್ಗಿ ಹಿಂದಿನ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು ನೋಡಿದಳು. ಒಂದೂ ಜಗ್ಗಿರಲಿಲ್ಲ.

“ಇದರಲ್ಲಿ ಬೇರೇನಾದ್ರೂ ಸಾಗಿಸಿದ್ದೀರಾ?”

“ಡೈಪರ್ ಬಿಟ್ಟು ಏನೂ ಇಲ್ಲಮ್ಮ. ಪೂರ್ತಿ ತುಂಬಿದ್ರೂ ನಮ್ಮ ಮಾವನಷ್ಟು ಭಾರ ಇರ್ತಿರಲಿಲ್ಲ.”

ಗಾಜಿನಕ್ಕನಿಗೆ ಆ ಗಾಡಿಯ ಮೇಲೆ ಸಣ್ಣ ಹೊಟ್ಟೆಕಿಚ್ಚೇ ಬಂತು. ಹುಟ್ಟಿದಾಗಿನಿಂದ ಭಾರ ಹೊರದೆ ನಗುತ್ತಾ ಓಡಾಡಿದ ಗಾಡಿ. “ಇದನ್ನೇ ತಗೊಳ್ಳೋಣ” ಎಂದಳು.

“ಇದರಲ್ಲಿ ಕೂತು ನಾನು ಊರು ಸುತ್ತಬೇಕಾ? ನನ್ನ ಮಾನ ಏನಾಗಬೇಕು?” ಎಂದರು ಯಜಮಾನರು. ಹೆಂಡತಿ ಬೀದಿಯಲ್ಲಿ ಲಾರಿ ತಳ್ಳುವಾಗ ಆರು ವರ್ಷ ಅಲ್ಲಾಡದೆ ನಿಂತ ಮಾನ, ಒಂದು ಕೂಸಿನ ನಗೆಗೆ ಹೊರಟು ನಿಂತಿತ್ತು. ಆದರೆ ಬೆಲೆ ಕೇಳಿದ ಮೇಲೆ ಅದು ಸ್ವಲ್ಪ ಹಿಂದೆ ಬಂದು ಕೂತಿತು. ಬಣ್ಣ ಹೊಡೆಸಿದರಾಯಿತು, ಹಳೇ ಲಾರಿಯನ್ನು ಗುಜರಿಗೆ ಕೊಟ್ಟು ಬಂದದ್ದನ್ನು ಸೇರಿಸಿ ಮರುದಿನ ಸಂಜೆ ಗಾಡಿ ತರುವುದು ಎಂದು ಮಾತಾಯಿತು. ಅವಳು ಅಂದು ಆರು ವರ್ಷದಲ್ಲಿ ಮೊದಲ ಬಾರಿಗೆ ನೆಮ್ಮದಿಯಾಗಿ ಊಟ ಮಾಡಿದಳು.

ಮರುದಿನ ಮಧ್ಯಾಹ್ನ ಗುಜರಿಯವನು ಬಂದ. ದಪ್ಪ ಮನುಷ್ಯ, ಕೈಯಲ್ಲಿ ಸಾಮಾನಿನ ಪೆಟ್ಟಿಗೆ. ಮೊದಲೇ ಫೋನಿನಲ್ಲಿ ಬೆಲೆ ಒಪ್ಪಿದ್ದ. ಲಾರಿಯ ಸುತ್ತ ಒಂದು ಸುತ್ತು ಬಂದು, “ಇದನ್ನ ಹೇಗೆ ತಗೊಂಡು ಹೋಗೋದು?” ಎಂದ.

“ಒಬ್ಬರು ತಳ್ಳಿದ್ರೆ ಸಾಕು” ಎಂದರು ಯಜಮಾನರು, ಅಭ್ಯಾಸಬಲದಿಂದ.

“ಯಾರು?”

ಯಜಮಾನರ ಕಣ್ಣು ತಾನಾಗಿಯೇ ಹೆಂಡತಿಯ ಕಡೆ ತಿರುಗಿತು. ಗುಜರಿಯವನು ಅವಳನ್ನೂ, ಅವಳ ಭುಜದ ಪಟ್ಟಿಯನ್ನೂ ನೋಡಿದ.

“ನಾನು ತಳ್ಳೋನಲ್ಲಪ್ಪ. ಸೋಮಾರಿ ನಾನು” ಎಂದು ಬಾನೆಟ್ ಎತ್ತಿದ. ಒಳಗೆ ಕೈಯಾಡಿಸಿ, ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಬೆರಳು ದಪ್ಪದ ಒಂದು ವೈರನ್ನು ಹಿಡಿದೆಳೆದ. ಅದು ಹಪ್ಪಳದಂತೆ ಅವನ ಕೈಗೇ ಮುರಿದು ಬಂತು, ಹಸಿರು ಪುಡಿ ಉದುರಿತು. ಪೆಟ್ಟಿಗೆಯಿಂದ ಹಳೆಯದೊಂದು ವೈರು ತೆಗೆದ, ತುಕ್ಕು ಕೆರೆದ, ಎರಡು ಬೋಲ್ಟು ಬಿಗಿದ. ಒಳಗೆ ಕೂತು ಕೀಲಿ ತಿರುಗಿಸಿದ. ಲಾರಿ ಹೊರಟಿತು. ಆರಿಸಿದ, ಮತ್ತೆ ತಿರುಗಿಸಿದ. ಮತ್ತೆ ಹೊರಟಿತು. ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿರಬೇಕು.

“ಸ್ಟಾರ್ಟರಿಗೆ ಏನೂ ಆಗಿಲ್ಲ. ಈ ವೈರು ತಿಂದುಹೋಗಿತ್ತು ಅಷ್ಟೆ” ಎಂದ.

“ಇದಕ್ಕೆ ಎಷ್ಟಾಗುತ್ತೆ?” ಎಂದು ಗಾಜಿನಕ್ಕ ಕೇಳಿದಳು.

“ಇದಕ್ಕೇನಕ್ಕ, ಒಂದು ಲೋಟ ಟೀ ಕುಡಿಸಿ.”

ಯಜಮಾನರ ಮುಖ ಹಬ್ಬವಾಯಿತು. “ನೋಡ್ದೇನೇ? ನಾನು ಮೊದಲಿಂದ ಹೇಳ್ತಿರಲಿಲ್ವ, ನಮ್ಮ ಲಾರಿ ಗಟ್ಟಿ ಅಂತ? ಇನ್ನು ಆ ಕೂಸಿನ ಗಾಡಿ ಯಾಕೆ? ಬೇಡ ಅಂತ ಫೋನ್ ಮಾಡ್ತೀನಿ.” ಮೈದುನ ಒಳಗಿನಿಂದ ಬಂದು ಟೈರಿಗೆ ಒದ್ದು, “ಇನ್ನೂ ಹತ್ತು ವರ್ಷ ಓಡುತ್ತೆ ಅಣ್ಣ” ಎಂದ.

ಗಾಜಿನಕ್ಕನಿಗೆ ಆಗ ಬಂದ ಸಿಟ್ಟು ಅವಳಿಗೆ ಜನ್ಮದಲ್ಲೇ ಬಂದಿರಲಿಲ್ಲ. ಆದರೆ ಕಿರುಚುವುದು ಅವಳಿಗೆ ಬಾರದ ವಿದ್ಯೆ. ಒಳಗೆ ಹೋಗಿ ಟ್ರಂಕಿನಿಂದ ಲಾರಿಯ ಕಾಗದ ತಂದಳು. ಅಪ್ಪ ಕೊಡಿಸಿದ ಗಾಡಿ, ಕಾಗದದಲ್ಲಿದ್ದದ್ದು ಅವಳ ಹೆಸರೇ. ಅದನ್ನು ಬದಲಾಯಿಸಲು ಕಚೇರಿಯಲ್ಲಿ ಸಾಲು ನಿಲ್ಲಬೇಕು, ಆದ್ದರಿಂದ ಯಜಮಾನರಿಗೆ ಪುರುಸೊತ್ತಾಗಿರಲಿಲ್ಲ. ಮೇಜಿನ ಮೇಲೆ ಇಟ್ಟು, ನೋಯುವ ಕೈಯಲ್ಲೇ ಸಹಿ ಹಾಕಿ, ಗುಜರಿಯವನಿಗೆ ಕೊಟ್ಟಳು.

“ಮಾತಾಡಿದ ಬೆಲೆಗೇ ತಗೊಂಡು ಹೋಗಿ.”

“ಹುಚ್ಚು ಹಿಡೀತಾ ನಿಂಗೆ?” ಎಂದರು ಯಜಮಾನರು. “ಈಗ ಸ್ಟಾರ್ಟ್ ಆಗುತ್ತಲ್ಲೇ.”

“ಯಾವತ್ತೂ ಆಗ್ತಿತ್ತು ರೀ. ನೀವು ಒಂದೇ ಒಂದು ದಿನ ಹಿಂದೆ ನಿಂತು ತಳ್ಳಿದ್ದಿದ್ರೆ ಮಾರನೇ ದಿನವೇ ಬಾನೆಟ್ ಎತ್ತಿಸ್ತಿದ್ರಿ” ಎಂದಳು. “ಇದು ಇಲ್ಲಿ ನಿಂತಿದ್ರೆ ದಿನಾ ನನಗೆ ಅದೇ ಕಣ್ಣಿಗೆ ಬೀಳುತ್ತೆ. ಆಮೇಲೆ ನಿಮ್ಮ ಜೊತೆ ಒಂದೇ ಮನೇಲಿ ಇರೋದು ಕಷ್ಟ ಆಗುತ್ತೆ.”

ಯಜಮಾನರು ಕೂಸಿನ ಗಾಡಿಯವನಿಗೆ ಬೇಡ ಎನ್ನಲು ತೆಗೆದಿದ್ದ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಮೈದುನ ತನ್ನ ಕಾಲನ್ನು ಟೈರಿನಿಂದ ಹಿಂದೆ ತೆಗೆದುಕೊಂಡ.

ಗುಜರಿಯವನು ಹಣ ಕೊಟ್ಟು, ಟೀ ಕುಡಿದು, ಕೀಲಿ ತಿರುಗಿಸಿದ. ಲಾರಿ ಬಿಕ್ಕಳಿಸದೆ ಹೊರಟು ಇಳಿಜಾರಿನಲ್ಲಿ ಸಾಗಿತು. ಗಾಜಿನಕ್ಕ ರಸ್ತೆಯ ನಡುವೆ ನಿಂತು ನೋಡಿದಳು. ಹಿಂದಿನ ಹಲಗೆಯ ಬಲಮೂಲೆಯಲ್ಲಿ ಬಣ್ಣ ಸವೆದು ಅಂಗೈಯಗಲದ ತಗಡು ಹೊಳೆಯುತ್ತಿತ್ತು, ಅವಳ ಭುಜ ತಾಗುತ್ತಿದ್ದ ಜಾಗ. ಆರು ವರ್ಷದಲ್ಲಿ ಆ ಲಾರಿ ತನ್ನಿಂದ ದೂರ ಹೋಗುವುದನ್ನು ಅವಳು ಸಾವಿರ ಸಲ ನೋಡಿದ್ದಳು. ತಾನು ತಳ್ಳದೆ ಅದು ಹೋಗಿದ್ದನ್ನು ನೋಡಿದ್ದು ಅದೊಂದೇ ಸಲ.