ಫ್ಯಾಕ್ಟರಿಯಿಂದ ಬಂದಿದ್ದ ಫೋನು

ರೀ, ಫ್ಯಾಕ್ಟರಿಯವರು ನಿಮ್ಮನ್ನು ಮರೆತಿರಲಿಲ್ಲ. ಮರೆತರೆಂದು ನೀವು ನಂಬುವಂತೆ ಮಾಡಿದವಳು ನಾನು.

ನಾಳೆ ನೀವೇ ಅವರಿಗೆ ಫೋನು ಹಚ್ಚುತ್ತೀರಿ. ಅದಕ್ಕೂ ಮೊದಲು ಇದನ್ನು ನನ್ನ ಬಾಯಿಂದಲೇ ಹೇಳಬೇಕು — ಆದರೆ ನಿಮ್ಮ ಮುಖ ನೋಡಿದ ಕೂಡಲೇ ಮಾತು ತಿರುಗಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ, ಮಾತ್ರೆ ಒತ್ತುವ ಯಂತ್ರದ ಮುಂದೆ ನಿಮ್ಮ ಹರೆಯವೆಲ್ಲ ಹೋಯಿತು. ಅದರ ಸದ್ದಿಗೆ ಕಿವಿಯೂ ಹೋಯಿತು. ನೀವು ರಿಟೈರಾಗಿ ಆರು ತಿಂಗಳಿಗೆ ಮ್ಯಾನೇಜರರ ಫೋನು ಬಂತು, ಎಂದಿನಂತೆ ನಾನೇ ಎತ್ತಿದೆ. ಹೊಸಬರಿಗೆ ಕೆಲಸ ಕಲಿಸಲು ವಾರಕ್ಕೆರಡು ದಿನ ಬರುತ್ತಾರಾ ಎಂದು ಹಿಂದಿಯಲ್ಲಿ ಕೇಳಿದರು. ಕಿವಿಯ ವಿಷಯ ಎತ್ತಿದೆ. ಅವರು ನಕ್ಕುಬಿಟ್ಟರು. ಯಂತ್ರದ ಮೈಮೇಲೆ ಅಂಗೈ ಇಟ್ಟು, ಯಾವ ಭಾಗ ಸವೆದಿದೆ ಎಂದು ಹೇಳುವ ಮನುಷ್ಯನಿಗೆ ಕಿವಿ ಯಾಕಮ್ಮಾ ಎಂದರು. ‘ಅವರಿಗೆ ಆಗುವುದಿಲ್ಲ’ ಎಂದು ಫೋನಿಟ್ಟೆ.

ನೀವು ಎದುರಿಗೇ ಮೆಂತೆಸೊಪ್ಪು ಸೋಸುತ್ತ ಕೂತಿದ್ದಿರಿ.

‘ಯಾರದು? ಏನಂತ?’

‘ಏನಿಲ್ಲ ಬಿಡ್ರಿ. ಗ್ಯಾಸಿನವರು.’

ಅಲ್ಲಿ ಯಾರಾದರೂ ನಿಮ್ಮನ್ನು ಕಿವುಡ ಎಂದು ಹಂಗಿಸಿದರೆ ಎಂಬ ಭಯ — ಛೇ, ಅದಲ್ಲ. ನಿಜ ಹೇಳುತ್ತೇನೆ. ಮದುವೆಯಾದಾಗಿನಿಂದ ನಿಮ್ಮನ್ನು ಕಂಪನಿ ಬಸ್ಸಿಗೆ ಕಳಿಸಿ ಕಳಿಸಿ ಸಾಕಾಗಿತ್ತು ನನಗೆ. ಈಗ ಮೆಹದಿಪಟ್ಟಣಂ ಮಾರ್ಕೆಟ್ಟಿಗೆ ಜೊತೆಗೆ ಬರುತ್ತಿದ್ದಿರಿ, ಪ್ರತಿ ಮಾತಿಗೂ ನನ್ನ ಮುಖ ನೋಡುತ್ತಿದ್ದಿರಿ. ಆ ರುಚಿ ಹತ್ತಿತ್ತು ನನಗೆ.

‘ಮರತೇ ಬಿಟ್ರ ನೋಡ ನನ್ನ’ ಎಂದು ಎರಡು ವರ್ಷ ಹಲುಬಿದಿರಿ. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಆಮೇಲೆ ಮಗಳು ಇಬ್ಬರನ್ನೂ ಈ ಆನ್‌ಲೈನ್ ಕ್ಲಾಸಿಗೆ ಸೇರಿಸಿದಳು — ಕಿವಿ ಮಂದವಾದ ದೊಡ್ಡವರಿಗೂ ಅವರ ಮನೆಯವರಿಗೂ ಕಲಿಸುವ ಕ್ಲಾಸು. ಅಬ್ಬಬ್ಬಾ, ಏನು ರವಿವಾರಗಳು ಅವು! ಕಪಾಟಿನಲ್ಲಿ ಬಿದ್ದಿದ್ದ ಕಿವಿ ಮಷೀನು ಹೊರಗೆ ಬಂತು. ಮೊದಲ ದಿನವೇ ಮೇಡಂ, ನಮ್ಮ ಕಲಬುರಗಿ ಕಡೆಯವರು, ನನಗೇ ಹೇಳಿದಂತೆ ಹೇಳಿದರು: ‘ಮುಖದ ಮ್ಯಾಲೆ ಬೆಳಕ ಬೀಳಂಗ ಕುಂದರ್ರಿ. ಬಾಯಿಗೆ ಸೆರಗ ಅಡ್ಡ ಹಿಡೀಬ್ಯಾಡ್ರಿ. ಅವರು ಏನಂದಿ ಅಂತ ಕೇಳಿದ್ರ, ಏನಿಲ್ಲ ಬಿಡ್ರಿ ಅಂತ ಮಾತ್ರ ಅನಬ್ಯಾಡ್ರಿ.’ ಬಾಯಿಗೆ ಹಿಡಿದಿದ್ದ ಸೆರಗನ್ನು ಕೆಳಗೆ ಬಿಟ್ಟೆ.

ಕಳೆದ ವಾರ ಫೋನಿನ ಪಾಠ. ಆಚೆಯವರ ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ಓದುವುದು, ತಿಳಿದದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು. ಮಗಳಿಗೆ ನೀವೇ ಹಚ್ಚಿದಿರಿ! ‘ಅಂದ್ರ ಶನಿವಾರ ಬರ್ತಿ, ಹೌದಿಲ್ಲೋ? ಬದನಿಕಾಯಿ ಎಣ್ಣೆಗಾಯಿ ಮಾಡಬೇಕಂತೀ?’ ಅತ್ತ ಅವಳು ಕಿರುಚಿದಳು, ಇತ್ತ ನೀವು ಕುರ್ಚಿಯಿಂದ ಜಿಗಿದಿರಿ, ನಾನು ಅಳುತ್ತ ನಗುತ್ತ ಚಪ್ಪಾಳೆ ತಟ್ಟಿದೆ. ಆ ಖುಷಿ ಸುಳ್ಳಲ್ಲ, ರೀ. ಅದೊಂದನ್ನು ನಂಬಿ.

‘ಮುಂದಿನ ಸೋಮವಾರ ಫ್ಯಾಕ್ಟರಿಗೆ ನಾನ ಹಚ್ಚತೀನಿ’ ಎಂದಿರಿ. ‘ಮರತಿದ್ರ ನೆನಪ ಮಾಡಿಕೊಡತೀನಿ!’ ಆಗಿನಿಂದ ಕನ್ನಡಿಯ ಮುಂದೆ ಅಭ್ಯಾಸ ನಡೆದಿದೆ. ನಿನ್ನೆ ಅಂಗಿಗೂ ಇಸ್ತ್ರಿ ಹಾಕಿಸಿದಿರಿ — ಫೋನಿನಲ್ಲಿ ಮಾತಾಡಲು ಇಸ್ತ್ರಿ ಅಂಗಿ ಯಾಕ್ರಿ!

ಇವತ್ತು ರವಿವಾರ. ಕ್ಲಾಸಿಗೆ ಇನ್ನೂ ಒಂದು ತಾಸು ಇದೆ. ಕಿಟಕಿಯ ಹತ್ತಿರ ಎರಡು ಕುರ್ಚಿ ಎದುರುಬದುರು ಹಾಕಿದ್ದೇನೆ, ಬೆಳಕು ನನ್ನ ಮುಖಕ್ಕೆ ಬೀಳುವಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೇನೆ. ಆ ಕೆಲಸ ಈಗಲೂ ಇದೆಯೋ ಇಲ್ಲವೋ... ಆ ಎರಡು ವರ್ಷವನ್ನಂತೂ ನಾನು ತಂದುಕೊಡಲಾರೆ. ಅವರು ಕರೆದಿದ್ದರು, ನಾನು ಮುಚ್ಚಿಟ್ಟೆ — ಹೇಳಬೇಕಾದದ್ದು ಇಷ್ಟೇ. ‘ಏನಂದಿ?’ ಎನ್ನುತ್ತೀರಿ ನೀವು. ಎಷ್ಟು ಸಲ ಕೇಳಿದರೂ, ಅಷ್ಟು ಸಲ ಹೇಳುತ್ತೇನೆ.